ಕರಗದ ಔಷಧಿಗೆ ಯಾವ ದಾರಿ? ನ್ಯಾನೊ, ಸಾಲಿಡ್ ಡಿಸ್ಪರ್ಷನ್, ಎಣ್ಣೆ, ಸೈಕ್ಲೊಡೆಕ್ಸ್‌ಟ್ರಿನ್ ಎದುರುಬದುರು

ಎಂ.ಫಾರ್ಮ್ ಪ್ರಾಜೆಕ್ಟ್ ವಿಷಯ ಆರಿಸುವ ಹೊತ್ತು ಬಂತು ಅಂದರೆ ನನಗೆ ಒಂದೇ ಥರದ ಮೆಸೇಜ್‌ಗಳು ಶುರುವಾಗುತ್ತವೆ. ಧಾರವಾಡ, ಬೆಳಗಾವಿ, ಮಂಗಳೂರು ಕಡೆಯಿಂದ ಪುಣೆ-ಮುಂಬೈಗೆ ಓದಲು ಬಂದವರು, ಇಲ್ಲಿ ಗೋವಾದ ವೆರ್ಣಾದಲ್ಲಿ ಹೊಸದಾಗಿ ಫಾರ್ಮುಲೇಶನ್ ಲ್ಯಾಬ್ ಸೇರಿದವರು, ಎಲ್ಲರೂ ಕೇಳುವುದು ಇದನ್ನೇ. "ಅಕ್ಕಾರ, ನಮ್ಮ ಡ್ರಗ್ ನೀರಾಗ ಕರಗವಲ್ದು. ನ್ಯಾನೊ ಮಾಡ್ಲೋ, ಸಾಲಿಡ್ ಡಿಸ್ಪರ್ಷನ್ ಮಾಡ್ಲೋ?" ನ್ಯಾನೊ ಅಂದರೆ ಔಷಧಿಯನ್ನು ಅತಿ ಸಣ್ಣ ಕಣಗಳಾಗಿ ಅರೆಯುವುದು, ಸಾಲಿಡ್ ಡಿಸ್ಪರ್ಷನ್ ಅಂದರೆ ಅದನ್ನು ಪಾಲಿಮರ್ ಒಳಗೆ ಹರಡಿಬಿಡುವುದು. ಗೈಡ್ ಒಂದು ಹೇಳಿರುತ್ತಾರೆ. ಸೀನಿಯರ್ ಇನ್ನೊಂದು ಮಾಡಿ ಪೇಪರ್ ಹಾಕಿರುತ್ತಾರೆ. ಕಾಲೇಜಿನಲ್ಲಿರುವ ಮಷೀನ್ ಮೂರನೆಯದು. ಕೊನೆಗೆ ಗೆಲ್ಲುವುದು ಮಷೀನೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಔಷಧಿ ಯಾಕೆ ಕರಗುತ್ತಿಲ್ಲ ಅಂತ ಗೊತ್ತಾಗುವ ತನಕ ಯಾವ ತಂತ್ರವನ್ನೂ ಮುಟ್ಟಬೇಡಿ. ಗೊತ್ತಾದ ಮೇಲೆ, ಆ ಕಾರಣಕ್ಕೆ ಸಾಕಾಗುವ ಅತಿ ಸರಳ, ಅತಿ ಅಗ್ಗದ ದಾರಿ ಹಿಡಿಯಿರಿ. ಪೇಪರಿಗೆ ಚೆಂದ ಕಾಣುವ ದಾರಿ ಬೇರೆ, ಮಳೆಗಾಲದಲ್ಲಿ ಸ್ಟ್ರಿಪ್ ಒಳಗೆ ಕೆಡದೆ ಉಳಿಯುವ ದಾರಿ ಬೇರೆ.

ಮೊದಲು ಅಳೆಯಬೇಕಾದ್ದು

ಎಷ್ಟು ನೀರು ಬೇಕು ಅನ್ನುವುದು ಮೊದಲ ಲೆಕ್ಕ. 1995ರಲ್ಲಿ ಗಾರ್ಡನ್ ಅಮಿಡಾನ್ ಮತ್ತು ಜೊತೆಗಾರರು ಕೊಟ್ಟ ಬಿಸಿಎಸ್, ಅಂದರೆ ಕರಗುವುದು ಮತ್ತು ಕರುಳು ದಾಟುವುದು ನೋಡಿ ಔಷಧಿಗಳನ್ನು ನಾಲ್ಕು ಕ್ಲಾಸ್ ಮಾಡುವ ವರ್ಗೀಕರಣ, ನಿಮ್ಮ ಪಾಠದಲ್ಲೇ ಇದೆ. ಅತಿ ದೊಡ್ಡ ಡೋಸ್ 250 ಮಿ.ಲೀ. ನೀರಿನಲ್ಲಿ, ಅಂದರೆ ಒಂದು ದೊಡ್ಡ ಲೋಟ ನೀರಿನಲ್ಲಿ, ಹೊಟ್ಟೆಯಿಂದ ಕರುಳಿನವರೆಗಿನ ಎಲ್ಲ ಪಿಹೆಚ್‌ನಲ್ಲೂ ಕರಗಬೇಕು. ಆಗ ಅದು ಚೆನ್ನಾಗಿ ಕರಗುವ ಔಷಧಿ. ಕರಗುವುದಿಲ್ಲ, ಆದರೆ ಕರುಳಿನ ಗೋಡೆಯನ್ನು ಸಲೀಸಾಗಿ ದಾಟುತ್ತದೆ ಅಂದರೆ ಕ್ಲಾಸ್ 2. ಕರಗುವುದೂ ಕಷ್ಟ, ದಾಟುವುದೂ ಕಷ್ಟ ಅಂದರೆ ಕ್ಲಾಸ್ 4.

ಇಲ್ಲಿ ಎರಡು ಹಳೆಯ ಔಷಧಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೃದಯದ ಔಷಧಿ ಡಿಗಾಕ್ಸಿನ್ ಒಂದು ಮಿ.ಲೀ. ನೀರಿಗೆ ಸುಮಾರು 24 ಮೈಕ್ರೊಗ್ರಾಂ ಕರಗುತ್ತದೆ. ಹುಳುಕಡ್ಡಿಗೆ ಕೊಡುವ ಗ್ರೈಸಿಯೊಫಲ್ವಿನ್ ಸುಮಾರು 15. ಪುಸ್ತಕದ ಭಾಷೆಯಲ್ಲಿ ಎರಡೂ 'ನೀರಿನಲ್ಲಿ ಕರಗದವು'. ಆದರೆ ಡಿಗಾಕ್ಸಿನ್ ಮಾತ್ರೆ 0.25 ಮಿ.ಗ್ರಾಂ., ಅದಕ್ಕೆ ಹತ್ತು ಹನ್ನೊಂದು ಮಿ.ಲೀ. ನೀರು ಸಾಕು. ಗ್ರೈಸಿಯೊಫಲ್ವಿನ್ ಡೋಸ್ 500 ಮಿ.ಗ್ರಾಂ., ಅದಕ್ಕೆ 33 ಲೀಟರ್ ಬೇಕು! ಒಂದರದು ವೇಗದ ತೊಂದರೆ, ಕರಗುತ್ತದೆ ಆದರೆ ನಿಧಾನ. ಇನ್ನೊಂದರದು ಜಾಗದ ತೊಂದರೆ, ಕರುಳಿನಲ್ಲಿರುವ ಅಷ್ಟಿಷ್ಟು ನೀರಿನಲ್ಲಿ ಅದು ಹಿಡಿಸುವುದೇ ಇಲ್ಲ. 2010ರಲ್ಲಿ ಬಟ್ಲರ್ ಮತ್ತು ಡ್ರೆಸ್‌ಮನ್ ಕ್ಲಾಸ್ ಎರಡನ್ನು 2ಎ, 2ಬಿ ಅಂತ ಒಡೆದದ್ದು ಇದೇ ಲೆಕ್ಕದ ಮೇಲೆ. 2ಎ ಅಂದರೆ ವೇಗ, 2ಬಿ ಅಂದರೆ ಜಾಗ. ಈ ಒಂದು ಗೆರೆ ನಿಮ್ಮ ಅರ್ಧ ಗೊಂದಲ ತೀರಿಸುತ್ತದೆ.

ಎರಡನೆಯದು, ಕರಗದಿರಲು ಕಾರಣ ಏನು. ಹರಳಿನ ಹಿಡಿತ ಗಟ್ಟಿ ಇರಬಹುದು, ಅಥವಾ ಅಣುವಿಗೆ ನೀರೇ ಆಗದಿರಬಹುದು. ಮೆಲ್ಟಿಂಗ್ ಪಾಯಿಂಟ್ (ಬಿಸಿಗೆ ಕರಗಿ ದ್ರವವಾಗುವ ಉಷ್ಣತೆ) 200 ಡಿಗ್ರಿ ದಾಟಿ, ಲಾಗ್ ಪಿ (ನೀರಿಗಿಂತ ಎಣ್ಣೆಯ ಕಡೆ ಎಷ್ಟು ಒಲವು ಅನ್ನುವ ಅಳತೆ) ಸಾಧಾರಣವಾಗಿದ್ದರೆ ನಮ್ಮ ಲ್ಯಾಬುಗಳಲ್ಲಿ ಅದನ್ನು ಬ್ರಿಕ್ ಡಸ್ಟ್ ಅಂತಾರೆ. ಅದು ನೀರಿಗೂ ಬರುವುದಿಲ್ಲ, ಎಣ್ಣೆಗೂ ಬರುವುದಿಲ್ಲ. ಮೆಲ್ಟಿಂಗ್ ಪಾಯಿಂಟ್ ಕಡಿಮೆ ಇದ್ದು, ಲಾಗ್ ಪಿ 4-5ರ ಮೇಲಿದ್ದರೆ ಗ್ರೀಸ್ ಬಾಲ್. ಅದು ಎಣ್ಣೆಯಲ್ಲಿ ಆರಾಮಾಗಿ ಕರಗುತ್ತದೆ. ಗ್ರೈಸಿಯೊಫಲ್ವಿನ್ 220 ಡಿಗ್ರಿಯ ಹತ್ತಿರ ಕರಗುವ ಗಟ್ಟಿ ಹರಳು. ಕೊಲೆಸ್ಟರಾಲ್ ಔಷಧಿ ಫೆನೊಫೈಬ್ರೇಟ್ 80 ಡಿಗ್ರಿಯ ಹತ್ತಿರವೇ ಮೆತ್ತಗಾಗುವ ಜಿಡ್ಡು ಅಣು.

ಮೂರನೆಯದು ಪಿಕೆಎ, ಅಂದರೆ ಅಣುವಿನ ಆಮ್ಲ-ಕ್ಷಾರ ಗುಣ ಎಷ್ಟು ಬಲವಾಗಿದೆ ಅನ್ನುವ ಅಂಕೆ. ಅಣುವಿಗೆ ಆಮ್ಲ ಅಥವಾ ಕ್ಷಾರದ ಗುಣ ಇದೆಯಾ? ಇದ್ದರೆ ನಿಮ್ಮ ಅದೃಷ್ಟ, ಕೆಲಸ ಅಗ್ಗದಲ್ಲಿ ಮುಗಿಯಬಹುದು.

ಉಳಿದವು ಬೇಗ ಹೇಳುತ್ತೇನೆ. ಡೋಸ್ ಎಷ್ಟು, ಯಾಕೆಂದರೆ ಎಲ್ಲ ಸೇರಿ ಒಂದು ಮಾತ್ರೆಯಲ್ಲಿ ಹಿಡಿಸಬೇಕು, ಅದು ಗಂಟಲಲ್ಲಿ ಇಳಿಯಬೇಕು. ಬಿಸಿ ತಡೆಯುತ್ತದೆಯಾ. ಅಸಿಟೋನ್, ಮೆಥನಾಲ್‌ನಂಥ ಸಾಲ್ವೆಂಟಿನಲ್ಲಿ ಕರಗುತ್ತದೆಯಾ. ಎಣ್ಣೆಯಲ್ಲಿ ಮಿ.ಲೀ.ಗೆ ಎಷ್ಟು ಹಿಡಿಯುತ್ತದೆ. ಆಮೇಲೆ ಹವೆ. ಭಾರತಕ್ಕೆ ಮಾಡುವ ಸ್ಟೆಬಿಲಿಟಿ ಸ್ಟಡಿ, ಅಂದರೆ ಔಷಧಿ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಅನ್ನುವ ಪರೀಕ್ಷೆ, ನಮ್ಮ ಬಿಸಿ ಮತ್ತು ತೇವಕ್ಕೆ ತಕ್ಕಂತೆ ನಡೆಯಬೇಕು. ಇದನ್ನು ಪ್ರಾಜೆಕ್ಟಿನ ಕೊನೆಯ ಅಧ್ಯಾಯ ಅಂದುಕೊಂಡವರು ಜಾಸ್ತಿ. ನನ್ನ ಪ್ರಕಾರ ಅದು ಮೊದಲ ಪ್ರಶ್ನೆ.

ಇನ್ನೊಂದು ಇದೆ, ಯಾರೂ ಕೇಳುವುದಿಲ್ಲ. ತೊಂದರೆ ನಿಜಕ್ಕೂ ಕರಗುವುದರಲ್ಲೇ ಇದೆಯಾ? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅರಿಶಿನದ ಕರ್ಕ್ಯುಮಿನ್ 2 ಗ್ರಾಂ ಜೊತೆ ಮೆಣಸಿನ ಪೈಪರಿನ್ 20 ಮಿ.ಗ್ರಾಂ. ಕೊಟ್ಟು, ಮನುಷ್ಯರಲ್ಲಿ ಅದರ ಲಭ್ಯತೆ, ಅಂದರೆ ರಕ್ತಕ್ಕೆ ತಲುಪುವ ಪಾಲು, 2000 ಶೇಕಡಾ ಏರಿತು ಅಂತ ತೋರಿಸಿದರು. ಈ ಸಂಖ್ಯೆ ಇವತ್ತಿಗೂ ಎಷ್ಟೋ ಕರ್ಕ್ಯುಮಿನ್ ಡಬ್ಬಿಗಳ ಮೇಲೆ ಇದೆ. ಆದರೆ ಪೈಪರಿನ್ ಕರ್ಕ್ಯುಮಿನ್ ಅನ್ನು ಕರಗಿಸುವುದಿಲ್ಲ, ಕರುಳು ಮತ್ತು ಲಿವರ್ ಅದನ್ನು ಒಡೆದು ಹೊರಹಾಕುವುದನ್ನು ತಡೆಯುತ್ತದೆ. ಬರೀ ಕರ್ಕ್ಯುಮಿನ್ ತಿಂದವರ ರಕ್ತದಲ್ಲಿ ಅದು ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ, ಹಾಗಾಗಿ ಶೇಕಡಾವಾರು ದೊಡ್ಡದಾಗಿ ಕಾಣುತ್ತದೆ. ನಿಮ್ಮ ಔಷಧಿಯನ್ನು ಲಿವರ್ ತಿಂದುಹಾಕುತ್ತಿದ್ದರೆ ಎಷ್ಟು ನ್ಯಾನೊ ಮಾಡಿದರೂ ಅಷ್ಟೇ.

ಸಾಲ್ಟ್ ಮತ್ತು ಪಿಹೆಚ್: ಮೊದಲು ಇದನ್ನು ನೋಡಿ

ಆಮ್ಲ ಗುಣದ ಔಷಧಿಗೆ ಕ್ಷಾರ, ಕ್ಷಾರ ಗುಣದ್ದಕ್ಕೆ ಆಮ್ಲ ಸೇರಿಸಿ ಸಾಲ್ಟ್ (ಲವಣ) ಮಾಡುವುದಕ್ಕೆ ಗ್ಲಾಮರ್ ಇಲ್ಲ. ಅದಕ್ಕೇ ಯಾರೂ ಪ್ರಾಜೆಕ್ಟಿಗೆ ಆರಿಸುವುದಿಲ್ಲ. ಆದರೆ ಕಂಪನಿಗಳು ಮೊದಲು ನೋಡುವುದು ಇದನ್ನೇ. ಡೈಕ್ಲೊಫೆನಾಕ್‌ನ ಪೊಟ್ಯಾಸಿಯಂ ಸಾಲ್ಟ್ ಬೇಗ ಕರಗುತ್ತದೆ, ಹಾಗಾಗಿ ತಕ್ಷಣದ ನೋವಿಗೆ ಅದು. ಸಾಲ್ಟ್ ಆಗಬೇಕಾದರೆ ಔಷಧಿ ಮತ್ತು ಜೊತೆಗಾರ ಆಮ್ಲ ಅಥವಾ ಕ್ಷಾರದ ಪಿಕೆಎ ನಡುವೆ ಎರಡು-ಮೂರು ಅಂಕೆಯಾದರೂ ಅಂತರ ಬೇಕು.

ಸಾಲ್ಟ್ ಮಾಡದೆ ಮಾತ್ರೆಯೊಳಗೇ ಕ್ಷಾರ ಇಡುವುದೂ ಒಂದು ದಾರಿ. ನಿಮ್ಮ ಮನೆಯಲ್ಲೇ ಯಾರಾದರೂ ಬಿಪಿಗೆ ಟೆಲ್ಮಿಸಾರ್ಟಾನ್ ತಗೊಳ್ಳುತ್ತಿರಬಹುದು. ಅದರ ಮೂಲ ಬ್ರ್ಯಾಂಡಿನ ಮಾತ್ರೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ಲುಮಿನ್ ಇವೆ. ಮಾತ್ರೆ ಒದ್ದೆಯಾದಾಗ ಅದರ ಸುತ್ತ ಪಿಹೆಚ್ ಏರಿ ಟೆಲ್ಮಿಸಾರ್ಟಾನ್ ಕರಗುತ್ತದೆ. ದೊಡ್ಡ ಮಷೀನ್ ಏನೂ ಬೇಕಾಗಿಲ್ಲ. ಬೆಲೆ ಬೇರೆ ಕಡೆ ತೆರಬೇಕು. ಆ ಮಾತ್ರೆ ಗಾಳಿಯ ತೇವ ಎಳೆಯುತ್ತದೆ, ಅದಕ್ಕೇ ತಗೊಳ್ಳುವ ಹೊತ್ತಿಗಷ್ಟೇ ಸ್ಟ್ರಿಪ್ ಒಡೆಯಿರಿ ಅಂತ ಬರೆದಿರುತ್ತಾರೆ. ವಾರದ ಮಾತ್ರೆಗಳನ್ನು ಡಬ್ಬಿಗೆ ಸುರಿದಿಡುವ ನಮ್ಮ ಹಿರಿಯರಿಗೆ ಇದನ್ನು ಯಾರು ಹೇಳಬೇಕು?

ಕ್ಷಾರ ಗುಣದ ಔಷಧಿಗೆ ಇನ್ನೊಂದು ಅಪಾಯ ಇದೆ. ಹೊಟ್ಟೆಯ ಆಮ್ಲದಲ್ಲಿ ಚೆನ್ನಾಗಿ ಕರಗಿ, ಕರುಳಿಗೆ ಇಳಿದು ಪಿಹೆಚ್ 6.5 ಆದ ಕೂಡಲೇ ಮತ್ತೆ ಹರಳಾಗಿ ಬೀಳಬಹುದು. ಆಸಿಡಿಟಿ ಮಾತ್ರೆ ತಗೊಳ್ಳುವವರಲ್ಲಿ ಮೊದಲೇ ಕರಗುವುದಿಲ್ಲ. ಹೊಟ್ಟೆಯ ಆಮ್ಲದಂಥ ಪಿಹೆಚ್ 1.2ರಲ್ಲಿ ಮಾತ್ರ ಡಿಸಲ್ಯೂಷನ್ (ಕರಗುವ ಪರೀಕ್ಷೆ) ಮಾಡಿ ಖುಷಿಪಟ್ಟರೆ ಇದು ಕಣ್ಣಿಗೇ ಬೀಳುವುದಿಲ್ಲ.

ಪುಡಿ ಸಣ್ಣ ಮಾಡುವುದು, ಇನ್ನೂ ಸಣ್ಣ ಮಾಡುವುದು

2ಎ ಥರದ ಔಷಧಿಗೆ ಜೆಟ್ ಮಿಲ್ (ಗಾಳಿಯ ರಭಸದಲ್ಲಿ ಪುಡಿ ಮಾಡುವ ಯಂತ್ರ) ಸಾಕು. ಕಣ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಜಾಸ್ತಿ, ಅಷ್ಟೂ ಬೇಗ ಕರಗುತ್ತದೆ. ನೋಯೆಸ್ ಮತ್ತು ವಿಟ್ನಿ ಕರಗುವ ವೇಗದ ಈ ಲೆಕ್ಕಕ್ಕೆ ಅಡಿಪಾಯ ಹಾಕಿದ್ದು 1897ರಲ್ಲಿ. 1970ರ ದಶಕದ ಶುರುವಿನಲ್ಲಿ ಬೇರೆ ಬೇರೆ ಕಂಪನಿಯ ಡಿಗಾಕ್ಸಿನ್ ಮಾತ್ರೆಗಳು ಒಂದೇ ಡೋಸಿಗೆ ರಕ್ತದಲ್ಲಿ ತೀರಾ ಬೇರೆ ಮಟ್ಟ ಕೊಟ್ಟು ಗಾಬರಿ ಹುಟ್ಟಿಸಿದವು. ಅದರಲ್ಲಿ ಕಣದ ಗಾತ್ರದ ಪಾಲು ದೊಡ್ಡದು. ಮುಂಬೈ ಸುತ್ತ ಜಾಬ್ ವರ್ಕ್ ಲೆಕ್ಕದಲ್ಲಿ ಮೈಕ್ರೊನೈಸ್ (ಮೈಕ್ರಾನ್ ಗಾತ್ರಕ್ಕೆ ಪುಡಿ) ಮಾಡಿಕೊಡುವವರಿದ್ದಾರೆ, ನೀವು ಮಿಲ್ ಕೊಳ್ಳಬೇಕಾಗಿಲ್ಲ. ಆದರೆ ಒಂದೆರಡು ಮೈಕ್ರಾನ್‌ಗೆ ಇಳಿದ ಪುಡಿ ಸ್ಟ್ಯಾಟಿಕ್ ಹಿಡಿದು ಅಂಟುತ್ತದೆ, ಉಂಡೆ ಕಟ್ಟುತ್ತದೆ, ಹಾಪರಿನಿಂದ ಇಳಿಯುವುದಿಲ್ಲ. ಸ್ವಲ್ಪ ಎಸ್‌ಎಲ್‌ಎಸ್ ಅಥವಾ ಪೊಲೊಕ್ಸಮರ್‌ನಂಥ ಸರ್ಫ್ಯಾಕ್ಟಂಟ್ (ಸೋಪಿನಂತೆ ಪುಡಿಯನ್ನು ನೀರಿಗೆ ಹೊಂದಿಸುವ ವಸ್ತು) ಸೇರಿಸದೆ ಬಿಟ್ಟರೆ ನೀರಿನ ಮೇಲೆ ತೇಲುತ್ತಾ ಕೂರುತ್ತದೆ.

ನ್ಯಾನೊ ಇದರ ಮುಂದಿನ ಮೆಟ್ಟಿಲು, ಬೇರೆ ಜಾತಿ ಅಲ್ಲ. ಜಿರ್ಕೋನಿಯಾ ಮಣಿಗಳ ಜೊತೆ ನೀರಿನಲ್ಲಿ ಅರೆದು ಸುಮಾರು 200 ನ್ಯಾನೊಮೀಟರ್‌ಗೆ ತರುತ್ತಾರೆ. ಈ ವಿಧಾನದಲ್ಲಿ ಸಿರೊಲಿಮಸ್ ಮಾತ್ರೆ 2000ದಲ್ಲಿ, ವಾಂತಿ ತಡೆಯುವ ಅಪ್ರೆಪಿಟಂಟ್ 2003ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದವು. ನನಗೆ ಇಷ್ಟದ ಉದಾಹರಣೆ ಫೆನೊಫೈಬ್ರೇಟ್. ಮೊದಲು ದಿನಕ್ಕೆ 300 ಮಿ.ಗ್ರಾಂ. ಇತ್ತು. ಮೈಕ್ರೊನೈಸ್ ಆಗಿ 200 ಆಯಿತು, ಮುಂದೆ 160, ನ್ಯಾನೊ ಆದ ಮೇಲೆ 145. ಕೊನೆಯದನ್ನು ಊಟದ ಜೊತೆ ತಗೊಂಡರೂ ಆಯಿತು, ಇಲ್ಲದಿದ್ದರೂ ಆಯಿತು. ರೋಗಿಗೆ ಸಿಕ್ಕ ನಿಜವಾದ ಲಾಭ ಅದೇ.

ಈಗ ಕಹಿ ಮಾತು. ನ್ಯಾನೊ ಮಾಡಿದರೆ ಕರಗುವ ವೇಗ ಬಹಳ ಏರುತ್ತದೆ, ಕರಗುವ ಪ್ರಮಾಣ ಸ್ವಲ್ಪವೇ ಏರುತ್ತದೆ. ಗಟ್ಟಿ ಹರಳು ನ್ಯಾನೊ ಆದರೂ ಗಟ್ಟಿ ಹರಳೇ. ಗ್ರೈಸಿಯೊಫಲ್ವಿನ್‌ನ ಅಲ್ಟ್ರಾಮೈಕ್ರೊ ರೂಪ 330 ಮಿ.ಗ್ರಾಂ. ಕೊಟ್ಟರೆ ಮೈಕ್ರೊ ರೂಪದ 500ಕ್ಕೆ ಸಮ, ಅಂದರೆ ಒಂದೂವರೆ ಪಟ್ಟು ಲಾಭ. ಬೇಡ ಅನ್ನುವಂಥದ್ದಲ್ಲ, ಕರಗಿದ್ದನ್ನು ಕರುಳು ಹೀರುತ್ತಾ ಹೋಗುವುದರಿಂದ ಅಷ್ಟಾದರೂ ಸಿಗುತ್ತದೆ. ಆದರೆ ಪವಾಡವೂ ಅಲ್ಲ. ಜೊತೆಗೆ ಅರೆದದ್ದನ್ನು ಒಣಗಿಸಬೇಕು, ಒಣಗಿದ ಮೇಲೆ ನೀರಿಗೆ ಹಾಕಿದಾಗ ಮತ್ತೆ ನ್ಯಾನೊ ಆಗಿಯೇ ಬಿಚ್ಚಿಕೊಳ್ಳಬೇಕು. ಹೆಚ್ಚಿನ ಪ್ರಾಜೆಕ್ಟುಗಳು ಸಾಯುವುದು ಇಲ್ಲೇ. ಸಸ್ಪೆನ್ಷನ್‌ನ ಕಣದ ಗಾತ್ರ ತೋರಿಸಿ ಒಣಪುಡಿಯದ್ದನ್ನು ಮುಚ್ಚಿಟ್ಟ ಥೀಸಿಸ್ ಎಷ್ಟೋ ಇವೆ.

ಒಳ್ಳೆಯ ಸುದ್ದಿ ಅಂದರೆ ಪ್ರಯೋಗಕ್ಕೆ ದುಡ್ಡು ಬೇಡ. ಗಾಜಿನ ಚಿಕ್ಕ ಸೀಸೆ, ಅರ್ಧ ಮಿ.ಮೀ. ಮಣಿಗಳು, ಮ್ಯಾಗ್ನೆಟಿಕ್ ಸ್ಟಿರರ್, ರಾತ್ರಿಯಿಡೀ ತಿರುಗಲು ಬಿಡಿ. ಯಾವ ಸ್ಟೆಬಿಲೈಸರ್ (ಕಣಗಳು ಮತ್ತೆ ಅಂಟದಂತೆ ತಡೆಯುವ ವಸ್ತು) ಹೊಂದುತ್ತದೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಸಾಲಿಡ್ ಡಿಸ್ಪರ್ಷನ್: ದೊಡ್ಡ ಲಾಭ, ದೊಡ್ಡ ತಲೆನೋವು

ಜಾಗದ ತೊಂದರೆ, ಅಂದರೆ 2ಬಿ, ಇದ್ದರೆ ನಾನು ಹೆಚ್ಚಾಗಿ ಇಲ್ಲಿಗೇ ಬರುತ್ತೇನೆ. ಹರಳನ್ನೇ ಮುರಿದು, ಔಷಧಿಯ ಅಣುಗಳನ್ನು ಪಾಲಿಮರ್ ಒಳಗೆ ಅಸ್ತವ್ಯಸ್ತವಾಗಿ ಸಿಕ್ಕಿಸಿಬಿಡುವುದು ಉಪಾಯ. ಹೀಗೆ ಅಮಾರ್ಫಸ್ (ಹರಳಿಲ್ಲದ್ದು) ಆದ ಔಷಧಿ ಹರಳಿಗಿಂತ ಹಲವು ಪಟ್ಟು ಜಾಸ್ತಿ ಕರಗಿ, ಸ್ವಲ್ಪ ಹೊತ್ತು ದ್ರಾವಣದಲ್ಲಿ ಹೆಚ್ಚುವರಿಯಾಗಿ ಉಳಿಯುತ್ತದೆ. ಅದು ಬೀಳದಂತೆ ಪಾಲಿಮರ್ ಹಿಡಿದಿಡುತ್ತದೆ. ಅಷ್ಟರಲ್ಲಿ ಕರುಳು ಹೀರಿಕೊಳ್ಳಬೇಕು.

ಎಚ್‌ಐವಿ ಔಷಧಿ ರಿಟೊನವಿರ್ ಕಥೆ ಓದದೆ ಈ ಕೆಲಸಕ್ಕೆ ಇಳಿಯಬೇಡಿ. 1996ರಲ್ಲಿ ಕ್ಯಾಪ್ಸೂಲ್ ಆಗಿ ಬಂತು. 1998ರಲ್ಲಿ ಯಾರೂ ನೋಡದ ಹೊಸ ಹರಳು ರೂಪ ಕಾಣಿಸಿಕೊಂಡಿತು. ಅದು ಮೊದಲಿನದಕ್ಕಿಂತ ಗಟ್ಟಿ, ಕರಗುವುದು ಇನ್ನೂ ಕಡಿಮೆ. ಡಿಸಲ್ಯೂಷನ್ ಫೇಲ್ ಆಗಿ ಕ್ಯಾಪ್ಸೂಲ್ ನಿಲ್ಲಿಸಬೇಕಾಯಿತು. ಮರುವರ್ಷ ಫ್ರಿಜ್‌ನಲ್ಲಿಡುವ ಸಾಫ್ಟ್‌ಜೆಲ್ ಬಂತು. ಕೊನೆಗೆ 2010ರಲ್ಲಿ ಪಾಲಿಮರ್ ಜೊತೆ ಬಿಸಿ ಮಾಡಿ, ಶಾವಿಗೆಯಂತೆ ಒತ್ತಿ, ಎಕ್ಸ್‌ಟ್ರೂಡ್ ಮಾಡಿದ ಮಾತ್ರೆ ಬಂದು ಫ್ರಿಜ್ ಗೋಳು ತಪ್ಪಿತು. ಇದರ ಜೋಡಿ ಲೊಪಿನವಿರ್ ಸೇರಿದ ಮಾತ್ರೆ 2005ರಲ್ಲೇ ಬಂದಿತ್ತು, ದಿನಕ್ಕೆ ಆರು ಕ್ಯಾಪ್ಸೂಲ್ ಇದ್ದದ್ದು ನಾಲ್ಕು ಮಾತ್ರೆಗೆ ಇಳಿಯಿತು. ಫ್ರಿಜ್ ಇಲ್ಲದ ಮನೆಗಳಿಗೆ ಇದರ ಬೆಲೆ ಎಷ್ಟು ಅಂತ ಹೇಳಬೇಕಾಗಿಲ್ಲ ಅಲ್ವಾ.

ಮಾಡುವ ದಾರಿ ಮುಖ್ಯವಾಗಿ ಎರಡು. ಬಿಸಿ ತಡೆಯುತ್ತದೆ, ಮೆಲ್ಟಿಂಗ್ ಪಾಯಿಂಟ್ ತೀರಾ ಮೇಲಿಲ್ಲ ಅಂದರೆ ಹಾಟ್ ಮೆಲ್ಟ್ ಎಕ್ಸ್‌ಟ್ರೂಷನ್. ಸಾಲ್ವೆಂಟ್ ಬೇಡ, ಯಂತ್ರ ನಿರಂತರ ಓಡುತ್ತದೆ, ದೊಡ್ಡ ಬ್ಯಾಚಿಗೆ ಅಗ್ಗ. ಬಿಸಿಗೆ ಕೆಡುತ್ತದೆ, ಆದರೆ ಅಸಿಟೋನ್ ಅಥವಾ ಮೆಥನಾಲ್‌ನಲ್ಲಿ ಕರಗುತ್ತದೆ ಅಂದರೆ ಸ್ಪ್ರೇ ಡ್ರೈಯಿಂಗ್ (ದ್ರಾವಣವನ್ನು ಸಿಂಪಡಿಸಿ ಕ್ಷಣದಲ್ಲಿ ಒಣಗಿಸುವುದು). ಕಾಲೇಜಿನ ಚಿಕ್ಕ ಸ್ಪ್ರೇ ಡ್ರೈಯರಿನಲ್ಲಿ ಅರ್ಧ ಮಾಲು ಗೋಡೆಗೇ ಅಂಟಿರುತ್ತದೆ, ಆಮೇಲೆ ಉಳಿದ ಸಾಲ್ವೆಂಟ್ ಲೆಕ್ಕ ಬೇರೆ ಕೊಡಬೇಕು, ಮೆಥನಾಲ್‌ಗೆ 3000 ಪಿಪಿಎಂ, ಡೈಕ್ಲೋರೊಮೀಥೇನ್‌ಗೆ ಬರೀ 600. ಎರಡೂ ಆಗದ ಅಣುಗಳೂ ಇವೆ. ಕ್ಯಾನ್ಸರ್ ಔಷಧಿ ವೆಮುರಾಫೆನಿಬ್ 270 ಡಿಗ್ರಿ ಆಸುಪಾಸಿನಲ್ಲಿ ಕರಗುವ ಬ್ರಿಕ್ ಡಸ್ಟ್, ಮಾಮೂಲಿ ಸಾಲ್ವೆಂಟಿಗೂ ಬಗ್ಗುವುದಿಲ್ಲ. ಅದನ್ನು ಪಾಲಿಮರ್ ಜೊತೆ ಸೇರಿಸಿ ಆಮ್ಲದ ನೀರಿಗೆ ಸುರಿದು ಒಟ್ಟಿಗೆ ಬೀಳಿಸಿದರು. ಅದು ದೊಡ್ಡ ಕಂಪನಿಗಳ ಆಟ, ನೀವು ಬಿಡಿ.

ಈಗ ಹವೆಯ ವಿಷಯ. ಜಾತ್ರೆಯ ಬೊಂಬಾಯಿ ಮಿಠಾಯಿ ನೋಡಿದ್ದೀರಲ್ಲ, ಅದು ಅಪ್ಪಟ ಅಮಾರ್ಫಸ್ ಸಕ್ಕರೆ. ತೇವದ ಗಾಳಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ಕುಗ್ಗಿ, ಅಂಟಂಟಾಗಿ, ಮತ್ತೆ ಹರಳಾಗುತ್ತದೆ. ನಿಮ್ಮ ಪುಡಿಗೆ ಆಗುವುದೂ ಅದೇ, ಸ್ವಲ್ಪ ನಿಧಾನವಾಗಿ. ನೀರು ಒಳಹೊಕ್ಕರೆ ಟಿಜಿ (ಗಾಜಿನಂತೆ ಗಟ್ಟಿ ಇದ್ದ ಪುಡಿ ಮೆತ್ತಗಾಗುವ ಉಷ್ಣತೆ) ಇಳಿಯುತ್ತದೆ, ಅಣುಗಳಿಗೆ ಓಡಾಡಲು ಜಾಗ ಸಿಗುತ್ತದೆ, ಹರಳು ಕಟ್ಟುತ್ತದೆ. ಇಡುವ ಉಷ್ಣತೆಗಿಂತ ಟಿಜಿ 50 ಡಿಗ್ರಿಯಾದರೂ ಮೇಲಿರಲಿ ಅನ್ನುವುದು ಹಳೆಯ ರೂಢಿ. ಜುಲೈನಲ್ಲಿ ಗೋವಾದಲ್ಲಿ, ಮುಂಬೈಯಲ್ಲಿ ಹೊರಗಿನ ತೇವ 80 ಶೇಕಡಾ ದಾಟಿಯೇ ಇರುತ್ತದೆ. ಪಿವಿಪಿ ಅನ್ನುವ ಪಾಲಿಮರ್ ಹಾಕಿ ಮಾಡಿದ್ದು ಆ ಗಾಳಿಯನ್ನು ಕುಡಿಯುತ್ತದೆ. ಎಚ್‌ಪಿಎಂಸಿ-ಎಎಸ್ ಅಷ್ಟು ಕುಡಿಯುವುದಿಲ್ಲ, ಕೊಪೊವಿಡೋನ್ ನಡುವೆ ಎಲ್ಲೋ ಇದೆ. ಪುಣೆಯ ಹುಡುಗರು ಫೆಬ್ರುವರಿಯ ಒಣ ಹವೆಯಲ್ಲಿ ಮಾಡಿ, ಆ ತಿಂಗಳೇ ಹರಳಿನ ಗುರುತು (ಪೀಕ್) ತೋರಿಸುವ ಎಕ್ಸ್‌ಆರ್‌ಡಿ ತೆಗೆಸಿ, 'ಪೂರ್ತಿ ಅಮಾರ್ಫಸ್' ಅಂತ ಬರೆದು ಮುಗಿಸುತ್ತಾರೆ. ಅದೇ ಸ್ಯಾಂಪಲನ್ನು ಆಗಸ್ಟಿನಲ್ಲಿ ಇನ್ನೊಮ್ಮೆ ತೆಗೆಸಿ ನೋಡಿ, ಪೀಕ್‌ಗಳು ತಲೆಯೆತ್ತಿರುತ್ತವೆ.

ಅಲು-ಅಲು ಬ್ಲಿಸ್ಟರ್ (ಎರಡೂ ಕಡೆ ಅಲ್ಯುಮಿನಿಯಂ ಇರುವ ಸ್ಟ್ರಿಪ್) ಹಾಕಿದರೆ ಬಹಳ ಮಟ್ಟಿಗೆ ಬದುಕುತ್ತದೆ. ಅದು ಪಿವಿಸಿ ಬ್ಲಿಸ್ಟರಿಗಿಂತ ದುಬಾರಿ. ಹಾಗಾಗಿ ಲೆಕ್ಕ ಹಾಕುವಾಗ ಪಾಲಿಮರ್ ಬೆಲೆಯ ಜೊತೆ ಪ್ಯಾಕಿಂಗ್ ಬೆಲೆಯನ್ನೂ ಬರೆದುಕೊಳ್ಳಿ. ಡೋಸ್ ಇನ್ನೊಂದು ಮಿತಿ. ಔಷಧಿ ಕಾಲು ಭಾಗ, ಪಾಲಿಮರ್ ಮುಕ್ಕಾಲು ಅಂದರೆ 500 ಮಿ.ಗ್ರಾಂ. ಡೋಸಿಗೆ ಎರಡು ಗ್ರಾಂ ಮಾಲು. ಯಾರು ನುಂಗುತ್ತಾರೆ?

ಎಣ್ಣೆಯ ದಾರಿ

ಗ್ರೀಸ್ ಬಾಲ್ ಸಿಕ್ಕರೆ ಹರಳಿನ ಜೊತೆ ಗುದ್ದಾಡುವುದೇ ಬೇಡ. ಎಣ್ಣೆ, ಸರ್ಫ್ಯಾಕ್ಟಂಟ್, ಕೊಸಾಲ್ವೆಂಟ್ (ಕರಗಿಸಲು ನೆರವಾಗುವ ದ್ರವ) ಸೇರಿಸಿ ಔಷಧಿ ಕರಗಿಸಿ, ಕ್ಯಾಪ್ಸೂಲಿಗೆ ತುಂಬಿ. ಹೊಟ್ಟೆಯ ನೀರು ತಾಗಿದ ಕೂಡಲೇ ತಾನಾಗಿ ಸಣ್ಣ ಹನಿಗಳಾಗುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರ ಸೈಕ್ಲೊಸ್ಪೊರಿನ್ ಇದರ ದೊಡ್ಡ ಸಾಕ್ಷಿ. ಹಳೆಯ ಎಣ್ಣೆ ರೂಪದಲ್ಲಿ ಅದರ ಹೀರಿಕೆ ಪಿತ್ತರಸ, ಊಟ ಎಲ್ಲದರ ಮೇಲೆ ನಿಂತು ಏರುಪೇರಾಗುತ್ತಿತ್ತು. 1990ರ ದಶಕದ ನಡುವೆ ಬಂದ ಮೈಕ್ರೊಎಮಲ್ಷನ್ ರೂಪ ಅದನ್ನು ಬಹಳ ಸಮ ಮಾಡಿತು. ಕಸಿಯವರಿಗೆ ಸರಾಸರಿ ಏರಿದ್ದಕ್ಕಿಂತ ದಿನದಿನದ ಏರುಪೇರು ಇಳಿದದ್ದೇ ಮುಖ್ಯ.

ಇಲ್ಲಿ ಮಿತಿ ಒಂದೇ, ಎಣ್ಣೆಯಲ್ಲಿ ಎಷ್ಟು ಕರಗುತ್ತದೆ ಅನ್ನುವುದು. ಒಂದು ದೊಡ್ಡ ಕ್ಯಾಪ್ಸೂಲಿಗೆ ಹಿಡಿಯುವುದು ಒಂದು ಗ್ರಾಂ ಆಸುಪಾಸು. ನಿಮ್ಮ ಔಷಧಿ ಗ್ರಾಂಗೆ 50 ಮಿ.ಗ್ರಾಂ. ಕರಗಿದರೆ 50 ಮಿ.ಗ್ರಾಂ. ಡೋಸಿಗೆ ಸರಿ, 400ಕ್ಕೆ ಅಲ್ಲ. ಸರ್ಫ್ಯಾಕ್ಟಂಟ್ ಜಾಸ್ತಿ ಮಾಡಿ ಹೆಚ್ಚು ಕರಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಎಣ್ಣೆ ರೂಪಗಳಿಗೆ ಪೌಟನ್ ಅನ್ನುವ ವಿಜ್ಞಾನಿ 2000ದಲ್ಲಿ ಮಾಡಿದ ವಿಂಗಡಣೆಯಲ್ಲಿ ಟೈಪ್ 3ರ ಕಡೆಯಿಂದ ಮುಂದೆ, ಎಣ್ಣೆ ಕಡಿಮೆಯಾಗಿ ನೀರುಪ್ರಿಯ ವಸ್ತು ಜಾಸ್ತಿ ಆದಂತೆ, ಹೊಟ್ಟೆಯಲ್ಲಿ ತೆಳುವಾದಾಗ ಔಷಧಿ ಹರಳಾಗಿ ಬೀಳುವ ಅಪಾಯ ಏರುತ್ತದೆ. ಬೀಕರಿನಲ್ಲಿ ತಿಳಿಯಾದ ಎಮಲ್ಷನ್ ನೋಡಿ ಮೋಸ ಹೋಗಬೇಡಿ. ಲೈಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) ಹಾಕಿ ಜೀರ್ಣ ಮಾಡಿಸಿ, ಆಮೇಲೂ ಉಳಿಯುತ್ತದಾ ನೋಡಿ.

ದುಡ್ಡಿನ ಲೆಕ್ಕದಲ್ಲಿ ವಿದ್ಯಾರ್ಥಿಗೆ ಇದು ಅತಿ ಸಲೀಸು. ಮಷೀನೇ ಬೇಡ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆದರೆ ಎಕ್ಸಿಪಿಯೆಂಟ್ (ಔಷಧಿ ಜೊತೆ ಸೇರಿಸುವ ಇತರ ವಸ್ತು) ಕಂಪನಿಗಳ ಮುಂಬೈ ಆಫೀಸುಗಳಿಂದ ಸ್ಯಾಂಪಲ್ ಸಿಗುವುದುಂಟು. ಸಣ್ಣ ಕಂಪನಿಗೆ ಕಥೆ ಬೇರೆ, ಸಾಫ್ಟ್‌ಜೆಲ್ ಲೈನ್ ಇರಬೇಕು, ಇಲ್ಲದಿದ್ದರೆ ಹೊರಗೆ ಕೊಡಬೇಕು. ಜೆಲಾಟಿನ್ ಮಳೆಗಾಲದಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. 'ಇದು ಸಸ್ಯಾಹಾರಿಯಾ?' ಅಂತ ಕೇಳುವ ಗಿರಾಕಿಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಎಚ್‌ಪಿಎಂಸಿ ಅನ್ನುವ ಸಸ್ಯಮೂಲದ ಕ್ಯಾಪ್ಸೂಲಿಗೆ ತುಂಬಿ, ಸೋರದಂತೆ ಕೂಡುವಲ್ಲಿ ಬ್ಯಾಂಡ್ ಹಾಕಬಹುದು, ಅಥವಾ ಸಿಲಿಕಾದಂಥ ಪುಡಿಗೆ ಹೀರಿಸಿ ಒಣ ಪುಡಿ ಮಾಡಬಹುದು. ಹೀರಿಸಿದ್ದು ಪೂರ್ತಿ ವಾಪಸ್ ಬಿಟ್ಟುಕೊಡುತ್ತದಾ ಅಂತ ಅಳೆಯಿರಿ. ಬಹಳ ಸಲ ಬಿಡುವುದಿಲ್ಲ.

ಸೈಕ್ಲೊಡೆಕ್ಸ್‌ಟ್ರಿನ್, ಕೊಕ್ರಿಸ್ಟಲ್

ಸೈಕ್ಲೊಡೆಕ್ಸ್‌ಟ್ರಿನ್ ಅಂದರೆ ಔಷಧಿಯ ಅಣುವನ್ನು ಒಳಗೆ ಕೂರಿಸಿಕೊಳ್ಳುವ ಬಳೆಯಂಥ ಸಕ್ಕರೆ ಅಣು. ಡೋಸ್ ಸಣ್ಣದಿದ್ದರೆ ಸೊಗಸು, ದೊಡ್ಡದಿದ್ದರೆ ಅಸಾಧ್ಯ. ಬೀಟಾ ಸೈಕ್ಲೊಡೆಕ್ಸ್‌ಟ್ರಿನ್ ಅಣುತೂಕ 1135. ನಿಮ್ಮ ಔಷಧಿಯದು 350 ಇದ್ದರೆ, ಒಂದಕ್ಕೆ ಒಂದು ಸೇರಿದರೂ ಔಷಧಿಯ ಮೂರು ಪಟ್ಟಿಗಿಂತ ಜಾಸ್ತಿ ತೂಕದ ಸೈಕ್ಲೊಡೆಕ್ಸ್‌ಟ್ರಿನ್ ಬೇಕು. 20 ಮಿ.ಗ್ರಾಂ. ಪೈರಾಕ್ಸಿಕ್ಯಾಮ್‌ಗೆ ಸರಿ, ಅದು ಮಾರುಕಟ್ಟೆಯಲ್ಲೂ ಬಂದಿದೆ. ಫಂಗಸ್ ಔಷಧಿ ಇಟ್ರಾಕೊನಜೋಲ್‌ನ ದ್ರಾವಣದಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ. ಔಷಧಿ ಹಿಡಿಸಲು 400 ಮಿ.ಗ್ರಾಂ. ಹೈಡ್ರಾಕ್ಸಿಪ್ರೊಪಿಲ್ ಬೀಟಾ ಸೈಕ್ಲೊಡೆಕ್ಸ್‌ಟ್ರಿನ್ ಇದೆ. 200 ಮಿ.ಗ್ರಾಂ. ಡೋಸಿಗೆ 8 ಗ್ರಾಂ ಒಳಗೆ ಹೋಗುತ್ತದೆ, ಕೆಲವರಿಗೆ ಭೇದಿ ಆಗುತ್ತದೆ.

ಜೊತೆಗೆ ಒಂದು ಬಲೆ ಇದೆ. ಕರುಳು ಹೀರುವುದು ಸ್ವತಂತ್ರವಾಗಿರುವ ಔಷಧಿಯನ್ನು ಮಾತ್ರ, ಸೈಕ್ಲೊಡೆಕ್ಸ್‌ಟ್ರಿನ್ ಒಳಗೆ ಕೂತದ್ದನ್ನಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಹಾಕಿದರೆ ಕರಗಿದ್ದು ಏರುತ್ತದೆ, ದಾಟುವುದು ಇಳಿಯುತ್ತದೆ. ಸರ್ಫ್ಯಾಕ್ಟಂಟ್ ಅಣುಗಳು ಗುಂಪುಗೂಡಿದ ಮೈಸೆಲ್‌ಗಳಿಗೂ ಇದೇ ಮಾತು. ಕರಗುವಿಕೆ ಇಷ್ಟು ಪಟ್ಟು ಏರಿತು ಅನ್ನುವ ಸಾಲಿನಿಂದ ಹೀರಿಕೆಯೂ ಏರಿತು ಅಂತ ತೀರ್ಮಾನಕ್ಕೆ ಬರಬೇಡಿ.

ಕೊಕ್ರಿಸ್ಟಲ್ (ಔಷಧಿ ಮತ್ತು ಇನ್ನೊಂದು ವಸ್ತು ಸೇರಿ ಆದ ಒಂದೇ ಹರಳು) ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಮ್ಲ-ಕ್ಷಾರ ಗುಣ ಇಲ್ಲದೆ ಸಾಲ್ಟ್ ಆಗದ ಅಣುವಿಗೆ ನೋಡಬಹುದು. ಹರಳೇ ಆದ್ದರಿಂದ ತೇವಕ್ಕೆ ಅಮಾರ್ಫಸ್‌ನಷ್ಟು ಹೆದರುವುದಿಲ್ಲ. ಹೊಂದುವ ಜೊತೆಗಾರ ಸಿಗುವುದು ಮಾತ್ರ ಹುಡುಕಾಟದ ಮೇಲೆ ಹುಡುಕಾಟ.

ಯಾರು ಯಾವುದನ್ನು?

ಆರು ತಿಂಗಳ ಪ್ರಾಜೆಕ್ಟ್, ಕಡಿಮೆ ದುಡ್ಡು: ಲಾಗ್ ಪಿ ಜಾಸ್ತಿ ಇದ್ದು ಡೋಸ್ ಕಡಿಮೆ ಇದ್ದರೆ ಎಣ್ಣೆ. ಡೋಸ್ 10-20 ಮಿ.ಗ್ರಾಂ. ಇದ್ದು ಎಣ್ಣೆಗೆ ಬರದಿದ್ದರೆ ಸೈಕ್ಲೊಡೆಕ್ಸ್‌ಟ್ರಿನ್. ವೇಗದ ತೊಂದರೆ ಮಾತ್ರ ಇದ್ದರೆ ಮಣಿ ಹಾಕಿ ಅರೆಯಿರಿ, ಆದರೆ ಒಣಪುಡಿ ತನಕ ಹೋಗಿ. ಸಾಲಿಡ್ ಡಿಸ್ಪರ್ಷನ್ ಮಾಡಲೇಬೇಕು ಅಂದರೆ ಮೊದಲ ತಿಂಗಳಲ್ಲೇ ಸ್ಯಾಂಪಲ್ ಮಾಡಿ 40 ಡಿಗ್ರಿ, 75 ಶೇಕಡಾ ತೇವಕ್ಕೆ ತೆರೆದಿಡಿ. ಬೀಳುವುದಿದ್ದರೆ ಬೇಗ ಬೀಳಲಿ.

ಪೊಂಡಾ, ಠಾಣೆ ಕಡೆಯ ಸಣ್ಣ ಕಂಪನಿಯಲ್ಲಿದ್ದು ಜೆನೆರಿಕ್ ಮಾಡುತ್ತಿದ್ದರೆ, ಮೂಲ ಬ್ರ್ಯಾಂಡ್ ಏನು ಮಾಡಿದೆ ಅಂತ ಮೊದಲು ನೋಡಿ. ನಿಮ್ಮದು ಅದಕ್ಕಿಂತ ಜಾಸ್ತಿ ಹೀರಿಕೆಯಾದರೂ ಬಯೋಇಕ್ವಿವಲೆನ್ಸ್ (ರಕ್ತದ ಮಟ್ಟ ಮೂಲ ಬ್ರ್ಯಾಂಡಿಗೆ ಸಮವಾ ಅಂತ ನೋಡುವ ಪರೀಕ್ಷೆ) ಫೇಲೇ. ಮೈಕ್ರೊನೈಸ್ ಮತ್ತು ಸರ್ಫ್ಯಾಕ್ಟಂಟ್‌ನಲ್ಲಿ ಮುಗಿಯುವಂತಿದ್ದರೆ ಅಲ್ಲೇ ಮುಗಿಸಿ. ಎಕ್ಸ್‌ಟ್ರೂಡರ್ ಇರುವ ದೊಡ್ಡ ಕಂಪನಿಯವರಿಗೆ ನನ್ನ ಸಲಹೆ ಬೇಕಾಗಿಲ್ಲ. ಅವರ ಕಷ್ಟ ಪೇಟೆಂಟ್ ಲಾಯರ್‌ಗಳದ್ದು.

ಯಾವುದನ್ನು ಆರಿಸಿದರೂ ಡಿಸಲ್ಯೂಷನ್ ಮೀಡಿಯಾದಲ್ಲಿ ಎರಡು ಶೇಕಡಾ ಎಸ್‌ಎಲ್‌ಎಸ್ ಸುರಿದು ಹೋಲಿಸಬೇಡಿ. ಅದರಲ್ಲಿ ಕಚ್ಚಾ ಔಷಧಿಯೂ ಕರಗುತ್ತದೆ, ನಿಮ್ಮ ಆರು ತಿಂಗಳ ಕೆಲಸವೂ ಕರಗುತ್ತದೆ, ವ್ಯತ್ಯಾಸವೇ ಕಾಣುವುದಿಲ್ಲ. ಪಿತ್ತ ಲವಣ ಮತ್ತು ಲೆಸಿಥಿನ್ ಇರುವ, ಖಾಲಿ ಹೊಟ್ಟೆಯ ಕರುಳಿನ ರಸವನ್ನು ಹೋಲುವ ಫಾಸ್ಸಿಫ್‌ನಲ್ಲಿ, ಡೋಸ್ ಪೂರ್ತಿ ಕರಗಲಾಗದಷ್ಟು ಕಡಿಮೆ ನೀರಿನಲ್ಲಿ, ಮೂರು-ನಾಲ್ಕು ಗಂಟೆ ನೋಡಿ. ಮೇಲೇರಿದ್ದು ಎಷ್ಟು ಹೊತ್ತು ಮೇಲೇ ನಿಲ್ಲುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಔಷಧಿ ಮಾಡುವವರಲ್ಲ, ನುಂಗುವವರು ಅಂತ ಓದುತ್ತಿದ್ದರೆ

ಇಟ್ರಾಕೊನಜೋಲ್ ಈಗ ನಮ್ಮ ಕಡೆ ಹುಳುಕಡ್ಡಿಗೆ ಬಹಳ ನಡೆಯುತ್ತದೆ. ಮಾಮೂಲಿ 100 ಮಿ.ಗ್ರಾಂ. ಕ್ಯಾಪ್ಸೂಲ್ ಹೊಟ್ಟೆ ತುಂಬ ಊಟ ಮಾಡಿದ ಮೇಲೆ ತಗೊಳ್ಳಬೇಕು, ಆಸಿಡಿಟಿ ಮಾತ್ರೆ ಜೊತೆಗೆ ಬೇಡ. ದ್ರಾವಣ ಸಿಕ್ಕರೆ ಅದು ಖಾಲಿ ಹೊಟ್ಟೆಗೆ. ಸೂಪರ್ ಬಯೊಅವೈಲಬಲ್ ಅಂತ ಬರುವ 50, 65 ಮಿ.ಗ್ರಾಂ. ಕ್ಯಾಪ್ಸೂಲ್ ಬೇರೆಯೇ ಲೆಕ್ಕ, ಅದರ ಪಾಲಿಮರ್ ಕರುಳಿನಲ್ಲಿ ಬಿಡುವಂಥದ್ದು. ಡೋಸ್ ಸಣ್ಣದಾಗಿ ಕಂಡಿತು ಅಂತ ಎರಡು ನುಂಗಬೇಡಿ. ದುಡ್ಡು ಬಿಗಿ ಇದ್ದು, ಊಟದ ಶಿಸ್ತು ಇದ್ದರೆ ಮಾಮೂಲಿಯದೇ ಕೆಲಸ ಮಾಡುತ್ತದೆ. ಆಸಿಡಿಟಿ ಮಾತ್ರೆ ಬಿಡಲಾಗದವರು ಡಾಕ್ಟರ ಹತ್ತಿರ ಇನ್ನೊಂದರ ಬಗ್ಗೆ ಕೇಳಿ.

ವಿಟಮಿನ್ ಡಿ 60,000 ಯೂನಿಟ್ ಅಂದರೆ ತೂಕದಲ್ಲಿ ಒಂದೂವರೆ ಮಿ.ಗ್ರಾಂ. ಮಾತ್ರ. ಅಷ್ಟನ್ನು ಹೀರಿಸಲು ನ್ಯಾನೊ ಬಾಟಲಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ, ಕೊಬ್ಬು ಜೀರ್ಣವಾಗುವ ಆರೋಗ್ಯವಂತರಿಗೆ ನನಗೆ ಕಾಣುವುದಿಲ್ಲ. ಎಣ್ಣೆ ತುಂಬಿದ ಸಾಫ್ಟ್‌ಜೆಲ್ ಮಧ್ಯಾಹ್ನದ ಊಟದ ಜೊತೆ ಸಾಕು.

ಫೆನೊಫೈಬ್ರೇಟ್ 160 ಇದ್ದದ್ದು 145 ಆಗಿ ಬಂದರೆ ಅಂಗಡಿಯವನು ಕಡಿಮೆ ಡೋಸ್ ಕೊಟ್ಟ ಅಂತ ಜಗಳ ಬೇಡ. ಕಣದ ಗಾತ್ರ ಬದಲಾಗಿರಬಹುದು, ಡಾಕ್ಟರಿಗೆ ತೋರಿಸಿಕೊಂಡು ತಗೊಳ್ಳಿ. ಸೈಕ್ಲೊಸ್ಪೊರಿನ್‌ನಲ್ಲಿ ಮಾತ್ರ ಅಂಗಡಿಯಲ್ಲಿ ಸಿಕ್ಕ ಬ್ರ್ಯಾಂಡ್ ಅಂತ ತಂದು ನುಂಗುವ ಹಾಗೇ ಇಲ್ಲ. ರೂಪ ಬದಲಾದರೆ ಮತ್ತೆ ರಕ್ತದ ಮಟ್ಟ ನೋಡಬೇಕಾಗುತ್ತದೆ.